ಚೆಂಡು ಸಾಯುವ ಜಾಗ

ತಟ್ಟೆಯಲ್ಲಿ ಮೊಟ್ಟೆಯ ಹಳದಿ ಒಡೆದು ಸುಟ್ಟ ಬ್ರೆಡ್ಡಿನ ಕಡೆಗೆ ನಿಧಾನವಾಗಿ ಹರಿಯುತ್ತಿತ್ತು. ಅದನ್ನು ತಡೆಯುವ ಮನಸ್ಸಾಗಲಿ ತಿನ್ನುವ ಮನಸ್ಸಾಗಲಿ ಇಲ್ಲದೆ ವರ್ಲಿನ್ ಸ್ಟೋಲ್ಟ್ಸ್ ನೋಡುತ್ತ ಕೂತಿದ್ದ. ಎದುರಿಗೆ ಹೆಂಡತಿ ಮಾರ್ವಾ ಪತ್ರಿಕೆ ಬಿಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಪ್ರತಿ ವಾಕ್ಯಕ್ಕೂ ಅವನ ಕೈ ತಾನಾಗಿ ಕುತ್ತಿಗೆಯ ಹಿಂದಕ್ಕೆ ಹೋಗುತ್ತಿತ್ತು. ಪತ್ರಿಕೆಯಲ್ಲಿ ಅವನ ಹೆಸರೇ ಇರಲಿಲ್ಲ. ಮೂವತ್ತೇಳು ವರ್ಷ ಒಂದೇ ಕಟ್ಟಡದ ನೆಲ ಗುಡಿಸಿದವನ ಹೆಸರು ಪತ್ರಿಕೆಯಲ್ಲಿ ಬರುವುದು ಅವನು ಸತ್ತಾಗ, ಅದೂ ಮನೆಯವರು ಬರೆದು ಕಳಿಸಿದರೆ.

"ಕೇಳಿಲ್ಲಿ," ಎಂದಳು ಮಾರ್ವಾ. "ಸೋಮವಾರ ಹತ್ತು ಗಂಟೆಗೆ ಚೆಂಡು ಬೀಳಿಸ್ತಾರಂತೆ. ಮೊದಲು ಒಳ್ಳೇ ಹಲಗೆ ಮೇಲೆ, ಆಮೇಲೆ ಸತ್ತ ಜಾಗದ ಮೇಲೆ. ಒಂದು ಗೇಣು ಕಮ್ಮಿ ಪುಟಿದ್ರೆ ಕೊಟ್ಟಿಗೆ ಉಳೀತು, ರಿಪೇರಿ ಮಾಡಿಸ್ತಾರೆ. ಸರಿಯಾಗಿ ಪುಟಿದ್ರೆ ಕೆಡವಿ, ಹೆದ್ದಾರಿ ಪಕ್ಕ ಹೊಸದು ಕಟ್ತಾರೆ. ಅಲ್ಲಾ, ಎಂಟು ಜನ ಓದಿಕೊಂಡೋರು ಏಳು ತಿಂಗಳು ಕೂತು ಕಂಡುಹಿಡಿದದ್ದು ಇದಾ?"

"ಹೂಂ," ಎಂದ ವರ್ಲಿನ್.

"ನೀನ್ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀಯ? ಅಲ್ಲಿ ಚೆಂಡು ಪುಟಿಯಲ್ಲ ಅಂತ ಊರಿಗೂರಿಗೇ ಗೊತ್ತು. ಕೊಟ್ಟಿಗೆ ಗೆದ್ದ ಹಾಗೇ."

"ಹೂಂ."

"ಮೊಟ್ಟೆ ತಿನ್ನು."

ಪುಟಿಯುತ್ತದೆ ಎಂದು ಗೊತ್ತಿದ್ದವನು ಇಡೀ ವೇಬ್ರುಕ್ ಊರಿನಲ್ಲಿ ಅವನೊಬ್ಬನೇ. ಹನ್ನೊಂದು ವರ್ಷದಿಂದ ಅಲ್ಲಿ ಚೆಂಡು ಚೆನ್ನಾಗಿಯೇ ಪುಟಿಯುತ್ತಿದೆ. ಯಾಕೆಂದರೆ ಆ ಜಾಗವನ್ನು ಅವನೇ ಸರಿಮಾಡಿದ್ದ. ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ. ಬಾಯಿ ತೆರೆದ, ಬ್ರೆಡ್ಡಿನ ಒಂದು ಮೂಲೆ ಒಳಗೆ ಹಾಕಿಕೊಂಡು ಮುಚ್ಚಿದ.

ಕಾಲೇಜಿನ ದಾಖಲೆಯಲ್ಲಿ ಆ ಒಳಾಂಗಣ ಕ್ರೀಡಾಂಗಣಕ್ಕೆ ಯಾರೋ ದಾನಿಯ ಉದ್ದನೆಯ ಹೆಸರಿದೆ. ಊರಿನವರು ಕರೆಯುವುದು ಕೊಟ್ಟಿಗೆ ಎಂದೇ. ಕೆಂಪು ಇಟ್ಟಿಗೆ, ಕಮಾನಿನ ಸೂರು, ಮಧ್ಯೆ ಮಧ್ಯೆ ಕಬ್ಬಿಣದ ಕಂಬ, ನಾಲ್ಕು ಸಾವಿರ ಜನ ತೊಡೆಗೆ ತೊಡೆ ತಾಗಿಸಿ ಕೂರುವ ಮರದ ಬೆಂಚು. ಚಳಿಗಾಲದ ಶನಿವಾರಗಳಲ್ಲಿ ಜೋಳದ ಹೊಲಗಳ ನಡುವಿನಿಂದ ಜನ ಬಂದು ಅಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಿ ಗಂಟಲು ಹರಿಯುವಂತೆ ಕೂಗಿ, ಭಾನುವಾರ ಚರ್ಚಿನಲ್ಲಿ ಹಾಡಲಾಗದೆ ಬಾಯಿ ಮಾತ್ರ ಆಡಿಸುತ್ತಿದ್ದರು. ಈಗ ಸೂರು ಸೋರುತ್ತಿತ್ತು. ಹೆಂಗಸರಿಗೆ ಇದ್ದದ್ದು ಒಂದೇ ಪಾಯಿಖಾನೆ. ಅರ್ಧ ಆಟದ ವಿರಾಮಕ್ಕೆ ಸಾಲಿನಲ್ಲಿ ನಿಂತವಳು ಆಟ ಮುಗಿದ ಮೇಲೆ ಹೊರಗೆ ಬರುತ್ತಿದ್ದಳು. ಕಾಲೇಜಿನ ಸಮಿತಿಯಲ್ಲಿ ಹೊಸದು ಬೇಕು ಎಂದವರು ನಾಲ್ಕು ಜನ, ಹಳೆಯದನ್ನೇ ದುರಸ್ತಿ ಮಾಡಿಸಿ ಎಂದವರು ನಾಲ್ಕು ಜನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಿವೃತ್ತ ಹಲ್ಲಿನ ವೈದ್ಯ ಗಾರ್ಲೆಂಡ್ ಪ್ಯೂ, ಈ ಇಕ್ಕಟ್ಟಿನ ಬೆಂಚುಗಳಿಂದಲೇ ಊರಿನಲ್ಲಿ ನೂರ ಹನ್ನೆರಡು ಮದುವೆಗಳಾಗಿವೆ ಎಂದು ಪಟ್ಟಿ ತಂದು ಓದಿದ. ಏಳನೇ ಕಂಬದ ಹಿಂದಿನ ಸೀಟಿನವನೊಬ್ಬ ಎದ್ದು, ತನ್ನ ಅಜ್ಜ, ಅಪ್ಪ, ತಾನು ಮೂವರೂ ಆಯುಷ್ಯವಿಡೀ ಅರ್ಧ ಆಟವನ್ನೇ ನೋಡಿದ್ದೇವೆ, ಹೊಸದು ಕಟ್ಟುವುದೇ ಆದರೆ ತನ್ನ ಮುಂದೊಂದು ಕಂಬ ನೆಡಲೇಬೇಕು, ಪೂರ್ತಿ ಆಟ ನೋಡುವ ಅಭ್ಯಾಸ ತನಗಿಲ್ಲ ಎಂದ. ಯಾರೂ ನಗಲಿಲ್ಲ. ಅದನ್ನು ಬರೆದುಕೊಂಡರು. ಕೊನೆಗೆ ಎಲ್ಲರೂ ಸೋತು, ನಿರ್ಧಾರವನ್ನು ಸತ್ತ ಜಾಗಕ್ಕೇ ಬಿಟ್ಟರು. ಅಂಥ ಜಾಗ ಲೋಕದಲ್ಲಿ ಇನ್ನೆಲ್ಲೂ ಇಲ್ಲ, ಅದು ನಿಜವಾದರೆ ಕಟ್ಟಡ ಉಳಿಯಲಿ, ಬರೀ ಕಥೆಯಾದರೆ ಬೀಳಲಿ.

ವರ್ಲಿನ್ ಕಾರಿನಲ್ಲಿ ಕೆಲಸಕ್ಕೆ ಹೋಗುವಾಗ ಮಾರ್ಚಿ ತಿಂಗಳ ಮಂಕು ಬಿಸಿಲು ಗಾಜಿನ ಮೇಲಿನ ಧೂಳನ್ನೆಲ್ಲ ಎತ್ತಿ ತೋರಿಸುತ್ತಿತ್ತು. ಒರೆಸಬೇಕು ಎಂದುಕೊಂಡ. ಒಣ ಬಟ್ಟೆಯಲ್ಲಿ. ಒಣ ಬಟ್ಟೆಯಲ್ಲಿ ಮಾತ್ರ ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದರು. ಮೇಪಲ್ ಮರದ ನೆಲಕ್ಕೆ ನೀರು ವಿಷ ಕಣಯ್ಯಾ, ಸೋಕಿಸಬೇಡ. ಅವನಿಗೆ ಆಗ ಇಪ್ಪತ್ತೆರಡು. ನವೆಂಬರಿನ ಸುಗ್ಗಿ ಹಬ್ಬದ ಹಿಂದಿನ ಬುಧವಾರ ಯಾರೋ ಕಿತ್ತಳೆ ಸೋಡಾ ಚೆಲ್ಲಿಹೋಗಿದ್ದರು. ಒಣ ಬಟ್ಟೆಗೆ ಅಂಟು ಹೋಗಲಿಲ್ಲ. ಅಮ್ಮ ಅಡುಗೆಮನೆಯ ನೆಲವನ್ನು ಬಿಸಿನೀರಿನಲ್ಲಿ ಹೇಗೆ ಒರೆಸುತ್ತಿದ್ದಳೋ ಹಾಗೆ ಒರೆಸಿದರಾಯಿತೆಂದು ಚಕ್ರದ ಬಕೆಟ್ ತುಂಬಿಸಿ ತಳ್ಳಿಕೊಂಡು ಬಂದ. ಚಕ್ರ ಹಲಗೆಯ ಸಂದಿಗೆ ಸಿಕ್ಕಿತು. ಎಳೆದ, ಬಕೆಟ್ ಮಗುಚಿತು. ಅಷ್ಟೆ. ಹೊರಗೆ ತಂಗಿ ಕಾರಿನಲ್ಲಿ ಕೂತು ಹಾರ್ನ್ ಬಾರಿಸುತ್ತಿದ್ದಳು, ಅಮ್ಮನ ಮನೆಯಲ್ಲಿ ರಾತ್ರಿಯೂಟ ಆರಿ ಹೋಗುತ್ತಿತ್ತು. ಸಿಕ್ಕಿದ ನಾಲ್ಕು ಟವೆಲ್ ಹಾಸಿ ಓಡಿದ. ನಾಲ್ಕು ದಿನ ಬಿಟ್ಟು ಬಂದು ನೋಡಿದಾಗ ಮೇಲೆ ಏನೂ ಕಾಣಲಿಲ್ಲ, ಹಲಗೆ ಏನೂ ಅರಿಯದ ಮಗುವಿನ ಹಾಗೆ ಹೊಳೆಯುತ್ತಿತ್ತು. ಆದರೆ ನೀರು ಸಂದಿಯಿಂದ ಇಳಿದು ಅಡಿಯ ತೊಲೆಗಳನ್ನು ಉಬ್ಬಿಸಿ ಪಕ್ಕಕ್ಕೆ ಸರಿಸಿತ್ತು. ಮೂರು ಹಲಗೆಗಳ ಕೆಳಗೆ ಬರೀ ಗಾಳಿ. ಅಲ್ಲಿ ಚೆಂಡು ಬಿದ್ದರೆ ಹಾಸಿಗೆ ಮೇಲೆ ಬಿದ್ದಂತೆ ತೊಪ್ಪೆಂದು ಕೂತುಬಿಡುತ್ತಿತ್ತು. ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡ. ಹಿಂದಿನ ಕಾರಿನವನು ಹಾರ್ನ್ ಮಾಡಿದಾಗ ದೀಪ ಹಸಿರಾಗಿ ಎಷ್ಟೋ ಹೊತ್ತಾಗಿತ್ತು.

ಹೇಳುವ ಮೊದಲೇ ಫೆಬ್ರವರಿ ಬಂತು. ಓಹಾಯೋದ ಮೇರಿಯನ್ ಕ್ರೀಕ್ ಕಾಲೇಜಿನ ತಂಡ ಒಂದು ಅಂಕ ಮುಂದಿತ್ತು, ಉಳಿದದ್ದು ಆರು ಸೆಕೆಂಡು. ಅವರ ಹುಡುಗ ಡೆಲ್ರಾಯ್ ಕ್ವಿಲಾರ್ಡ್ ಚೆಂಡು ಪುಟಿಸುತ್ತ ಬಂದವನು ಒಮ್ಮೆಲೇ ಕೈ ಕೆಳಗೆ ಚೆಂಡಿಲ್ಲದೆ ನಿಂತುಬಿಟ್ಟ. ನಮ್ಮವರು ಎತ್ತಿಕೊಂಡು ಓಡಿ ಬುಟ್ಟಿಗೆ ಹಾಕಿದರು. ನಾಲ್ಕು ಸಾವಿರ ಜನ ಬೆಂಚು ಕುಟ್ಟಿದ ಸದ್ದಿಗೆ ಸೂರಿನ ಪಾರಿವಾಳಗಳು ಹಾರಿಹೋಗಿ ಒಂದು ವಾರ ಬರಲಿಲ್ಲ. ಮರುದಿನ ಪತ್ರಿಕೆಯವನು ಬಂದು ಚೆಂಡು ಪುಟಿಸಿ ನೋಡಿ, ನೆಲ ಚೆಂಡನ್ನು ನುಂಗಿತು ಎಂದು ಬರೆದ. ಅಲ್ಲಿಗೆ ಮುಗಿಯಿತು. ಸುತ್ತ ನೀಲಿ ಟೇಪಿನ ವೃತ್ತ ಬಂತು. ಒಳಗೆ ಬರುವವರು ಬಗ್ಗಿ ಎರಡು ಬೆರಳಿನಿಂದ ಮುಟ್ಟಿ ಹೋಗುವ ಪದ್ಧತಿ ಬಂತು. ಪರೀಕ್ಷೆಯ ದಿನ ಮುಟ್ಟುವವರು, ಮದುವೆಯ ಬಟ್ಟೆಯಲ್ಲಿ ಬಂದು ನಿಂತು ಫೋಟೊ ತೆಗೆಸಿಕೊಳ್ಳುವವರು. ಕ್ಯಾನ್ಸರ್ ಆದ ಹೆಂಗಸೊಬ್ಬಳು ಗಾಲಿಕುರ್ಚಿಯಲ್ಲಿ ಬಂದು ಮುಟ್ಟಿ ಅತ್ತಳು. ವರ್ಲಿನ್ ಪೊರಕೆ ಹಿಡಿದು ದೂರ ನಿಂತಿದ್ದ. ನನ್ನ ಬಕೆಟ್ಟು ತಾಯಿ, ಬರೀ ಬಕೆಟ್ಟು ಎಂದು ಕೂಗಬೇಕೆನ್ನಿಸಿತ್ತು. ಆದರೆ ಅವನ ನಿದ್ದೆಗೆಡಿಸಿದ್ದು ಅವಳಲ್ಲ, ಆ ಕ್ವಿಲಾರ್ಡ್. ಇಪ್ಪತ್ತು ವರ್ಷದ ಹುಡುಗ, ಕೈ ಕೆಳಗೆ ಚೆಂಡಿಲ್ಲದೆ ತನ್ನ ಅಂಗೈಯನ್ನೇ ನೋಡುತ್ತ ನಿಂತ ಮುಖ. ನಾನು ಅವನ ಬದುಕು ಹಾಳು ಮಾಡಿದೆ ಎಂದು ವರ್ಲಿನ್ ಮೂವತ್ತಾರು ವರ್ಷದಿಂದ, ಹಲ್ಲುಜ್ಜುವಾಗ, ಹುಲ್ಲು ಕತ್ತರಿಸುವಾಗ, ನೆನೆಸಿಕೊಳ್ಳುತ್ತ ಬಂದಿದ್ದ. ಹನ್ನೊಂದು ವರ್ಷದ ಹಿಂದೆ ಹೊರಗಿನ ತಂಡದ ಹುಡುಗಿಯೊಬ್ಬಳು ಅದೇ ಜಾಗದಲ್ಲಿ ಕಾಲು ಉಳುಕಿಸಿಕೊಂಡು ಕಿರುಚಿದಾಗ ಇನ್ನು ತಡೆಯಲಾಗಲಿಲ್ಲ. ಜುಲೈ ತಿಂಗಳ ರಜೆಯಲ್ಲಿ ಬಾಗಿಲು ಹಾಕಿಕೊಂಡು ಮೂರು ಹಲಗೆ ಕಿತ್ತು, ತೊಲೆ ಬದಲಿಸಿ, ಹೊಸ ಮೇಪಲ್ ಕೂರಿಸಿ, ಹಳೆಯ ಬಣ್ಣ ಬರುವ ತನಕ ತಿಕ್ಕಿ, ಟೇಪನ್ನು ಇದ್ದಂತೆಯೇ ಅಂಟಿಸಿದ. ಬೆವರಿನ ಜೊತೆ ಪಾಪವೂ ಇಳಿದಂತಾಗಿ ಅವತ್ತು ಮನೆಗೆ ಹೋಗಿ ಎರಡು ತಟ್ಟೆ ಊಟ ಮಾಡಿದ್ದ. ಆಮೇಲೆ ಚಳಿಗಾಲ ಬಂತು, ಆಟ ಶುರುವಾಯಿತು, ಹೊರಗಿನ ಹುಡುಗರು ಆ ವೃತ್ತಕ್ಕೆ ಬಂದೊಡನೆ ಹೆದರಿ ಚೆಂಡು ಬಿಟ್ಟರು. ನುಂಗಿತು, ನುಂಗಿತು ಎಂದು ಜನ ಕುಣಿದರು. ಚೆಂಡು ಸೊಂಟದೆತ್ತರ ಪುಟಿಯುತ್ತಿದ್ದುದನ್ನು ನಾಲ್ಕು ಸಾವಿರ ಜನರಲ್ಲಿ ಒಬ್ಬರೂ ಕಾಣಲಿಲ್ಲ.

ಮಾಡಿದ ತಪ್ಪಿಗೆ ಊರು ಕೈಮುಗಿಯಿತು. ತಿದ್ದಿಕೊಂಡದ್ದಕ್ಕೆ ಊರಿನ ಕೊಟ್ಟಿಗೆಯೇ ಬೀಳುತ್ತದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಆದರೆ ಇಲ್ಲಿ ತಟ್ಟೆಗಳು ಅದಲುಬದಲಾಗಿದ್ದವು. ಕಾರು ನಿಲ್ಲಿಸಿ ಆ ಕೆಂಪು ಇಟ್ಟಿಗೆಯ ಗೋಡೆ ನೋಡಿದಾಗ ವರ್ಲಿನ್‌ಗೆ ದುಃಖ ಉಕ್ಕಿ ಬಂತು. ಇದು ಬಿದ್ದರೆ ನಾನು ಎಲ್ಲಿಗೆ ಹೋಗಲಿ ಎಂದು ಅವನು ಅಂದುಕೊಳ್ಳಲಿಲ್ಲ; ಇನ್ನೆರಡು ವರ್ಷಕ್ಕೆ ನಿವೃತ್ತಿ. ಇದು ಬಿದ್ದರೆ ಇದನ್ನು ಬೀಳಿಸಿದವನು ನಾನು ಎಂದು ನನಗೊಬ್ಬನಿಗೇ ಗೊತ್ತಿರುತ್ತದಲ್ಲ ಎಂದುಕೊಂಡ.

ಹನ್ನೊಂದು ಗಂಟೆಗೆ ಮಹಡಿಯ ಕೋಣೆಯಲ್ಲಿ ಸಮಿತಿ ಸೇರಿತು. ವರ್ಲಿನ್‌ಗೂ ಬರಹೇಳಿದ್ದರು, ನೆಲದ ವಿಷಯ ಕೇಳಲು. ಮೇಜಿನ ಸುತ್ತ ಎಂಟು ಕುರ್ಚಿ. ಅವನಿಗೆ ಕೊಟ್ಟದ್ದು ಕಾಫಿ ಪಾತ್ರೆಯ ಪಕ್ಕದ ಮಡಿಸುವ ಕುರ್ಚಿ. ಕೂತ ಐದು ನಿಮಿಷದಲ್ಲಿ ಮೂವರು ಅವನತ್ತ ನೋಡದೆ ಖಾಲಿ ಲೋಟ ಚಾಚಿದರು, ಅವನೂ ಅವರತ್ತ ನೋಡದೆ ತುಂಬಿಸಿಕೊಟ್ಟ. ಅಧ್ಯಕ್ಷೆ ಎಲ್ಸ್‌ಪೆತ್ ಕ್ರೌಚ್ ಹೊಸ ಕಟ್ಟಡದ ಪಕ್ಷದವಳು, ಕಾಲೇಜಿನ ಡೀನ್. ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು.

"ಚೆಂಡು ಬೀಳಿಸೋಕೆ ಕ್ವಿಲಾರ್ಡ್ ಅವರನ್ನೇ ಕರೆಸಿದ್ದೀವಿ," ಎಂದಳು. "ಅವರಿಗಿಂತ ನಿಷ್ಪಕ್ಷಪಾತಿ ಯಾರಿದ್ದಾರೆ? ಆ ನೆಲದಿಂದ ಮೋಸ ಹೋದವರೇ ಅವರು."

"ಮೋಸ ಹೋದವರು ಹೇಗ್ರೀ ನಿಷ್ಪಕ್ಷಪಾತಿ ಆಗ್ತಾರೆ?" ಎಂದ ಹಲ್ಲಿನ ವೈದ್ಯ ಪ್ಯೂ.

"ನಿಮಗೆ ಭಯ ಆಗಿದ್ರೆ ಹೇಳಿ ಡಾಕ್ಟ್ರೇ."

"ನನಗ್ಯಾಕೆ ಭಯ? ಆ ಜಾಗದಲ್ಲಿ ಚೆಂಡು ಪುಟಿದ್ರೆ ನನ್ನ ಹಲ್ಲು ನಾನೇ ಕಿತ್ಕೋತೀನಿ."

ಎಲ್ಲರೂ ನಕ್ಕರು. ಈಗ. ಈಗ ಹೇಳದಿದ್ದರೆ ಇನ್ನು ಇಲ್ಲ. ವರ್ಲಿನ್ ಎದ್ದು ನಿಂತ. ಮಡಿಸುವ ಕುರ್ಚಿ ಹಿಂದೆ ತಾನಾಗಿ ಮಡಿಸಿಕೊಂಡು ಬಿತ್ತು. ಎಂಟು ಮುಖ ಅವನತ್ತ ತಿರುಗಿದವು.

"ನಾನೊಂದು ಮಾತು ಹೇಳಬೇಕು ಮೇಡಂ. ಬಹಳ ದಿನದಿಂದ ಹೇಳಬೇಕಂತಿದ್ದೆ."

"ಕಾಫಿ ಮುಗೀತು ಅಂತಾನಾ?" ಎಂದಳು ಕ್ರೌಚ್, ಮುಚ್ಚಳ ಹಾಕುತ್ತ.

ವರ್ಲಿನ್ ಪಾತ್ರೆಯನ್ನು ನೋಡಿದ. ನಿಜವಾಗಿಯೂ ಮುಗಿದಿತ್ತು. "ಹೌದು ಮೇಡಂ," ಎಂದ.

"ಪರವಾಗಿಲ್ಲ, ತಂದುಬಿಡಿ. ಆಮೇಲೆ ಕೇಳಿ, ಇವತ್ತು ಮಧ್ಯಾಹ್ನದಿಂದ ಸೋಮವಾರ ಹತ್ತರ ತನಕ ಯಾರೂ ಆ ನೆಲದ ಮೇಲೆ ಕಾಲಿಡಕೂಡದು. ಬೀಗ ಹಾಕಿ, ಕೀಲಿ ನಿಮ್ಮ ಹತ್ರಾನೇ ಇರಲಿ. ಪ್ಯೂ ಅವರಿಗೆ ನನ್ನ ಮೇಲೆ ನಂಬಿಕೆ ಇಲ್ಲ, ನನಗೆ ಅವರ ಮೇಲಿಲ್ಲ. ನಿಮ್ಮ ಮೇಲೆ ಮಾತ್ರ ಇಬ್ಬರಿಗೂ ಇದೆ."

"ವರ್ಲಿನ್ ಅಂದ್ರೆ ಚಿನ್ನ," ಎಂದ ಪ್ಯೂ. ಚಿನ್ನ ಕಾಫಿ ತರಲು ಹೋಯಿತು.

ಪಾತ್ರೆ ಹಿಡಿದು ಮೆಟ್ಟಿಲಿಳಿಯುವಾಗ ಕೆಳಗಿನಿಂದ ಸದ್ದು ಕೇಳಿಸಿತು. ಚೆಂಡಿನ ಸದ್ದು. ಟಪ್, ಟಪ್, ಟಪ್. ಸರಿಯಾದ, ಆರೋಗ್ಯವಂತ ಸದ್ದು. ವರ್ಲಿನ್ ಉಳಿದ ಮೆಟ್ಟಿಲುಗಳನ್ನು ಬೇಗ ಬೇಗ ಇಳಿದ. ಅಂಗಳದ ನಡುವೆ, ನೀಲಿ ವೃತ್ತದೊಳಗೆ, ಕೋಟು ತೊಟ್ಟ ಎತ್ತರದ ಮನುಷ್ಯನೊಬ್ಬ ಬೂಟು ಕಳಚಿಟ್ಟು ಬರೀ ಕಾಲುಚೀಲದಲ್ಲಿ ನಿಂತು ಚೆಂಡು ಪುಟಿಸುತ್ತಿದ್ದ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಆದರೂ ಚೆಂಡು ನಿಲ್ಲಿಸಿ ಅಂಗೈ ನೋಡಿಕೊಂಡನಲ್ಲ, ಅದೇ ಮುಖ.

"ಕ್ವಿಲಾರ್ಡ್ ಅವರೇ," ಎಂದ ವರ್ಲಿನ್.

ಅವನು ತಿರುಗಲಿಲ್ಲ. ಮಂಡಿಯೂರಿ ಗೆಣ್ಣಿನಿಂದ ಹಲಗೆ ತಟ್ಟಿದ. ಪಕ್ಕದ್ದನ್ನು ತಟ್ಟಿದ. ಮತ್ತೆ ಇದನ್ನು. "ಈ ಮೂರು ಹಲಗೆ ಹಳೇವಲ್ಲ," ಎಂದ. "ಹತ್ತು, ಹೆಚ್ಚೆಂದ್ರೆ ಹನ್ನೆರಡು ವರ್ಷ. ಕೆಲಸ ಮಾತ್ರ ಅಚ್ಚುಕಟ್ಟು. ಯಾರ್ರೀ ಮಾಡಿದ್ದು?"

"ನಿಮಗೆ ಹೇಗೆ ಗೊತ್ತು?"

"ನಾನು ನೆಲ ಮಾರೋನು. ಓಹಾಯೋದಲ್ಲಿ ಮೂರು ಅಂಗಡಿ ಇದೆ. ಹಲಗೆ, ಹಾಸು, ಎಲ್ಲಾ. 'ನೆಲ ನನಗೆ ಮೋಸ ಮಾಡಿತು, ನನ್ನ ನೆಲ ನಿಮಗೆ ಮಾಡಲ್ಲ.' ಬೋರ್ಡು ನೋಡಿಲ್ವಾ? ಹೆದ್ದಾರಿ ಉದ್ದಕ್ಕೂ ಇದೆ, ನನ್ನ ಮುಖದ ಸಮೇತ."

ವರ್ಲಿನ್ ನೋಡಿರಲಿಲ್ಲ. ಅವನ ಕಲ್ಪನೆಯ ಕ್ವಿಲಾರ್ಡ್ ಯಾವುದೋ ಬಾಡಿಗೆ ಕೋಣೆಯಲ್ಲಿ ಕುಡಿದು ಬಿದ್ದಿದ್ದ. ಆದರೂ ಆಣೆಕಟ್ಟು ಒಡೆದುಹೋಗಿತ್ತು. ಕಾಫಿ ಪಾತ್ರೆಯನ್ನು ಎದೆಗವಚಿಕೊಂಡೇ ಎಲ್ಲವನ್ನೂ ಹೇಳಿಬಿಟ್ಟ. ಸೋಡಾ, ಬಿಸಿನೀರು, ಸಂದಿಗೆ ಸಿಕ್ಕ ಚಕ್ರ, ತಂಗಿಯ ಹಾರ್ನ್, ಟವೆಲ್ಲು, ಜುಲೈ ತಿಂಗಳು. ಹೇಳುತ್ತ ಹೇಳುತ್ತ ಕಣ್ಣಿನಲ್ಲಿ ನೀರು ಬಂತು. "ನಿಮ್ಮ ಬದುಕು ಹಾಳು ಮಾಡಿದ್ದು ನಾನು. ಕ್ಷಮಿಸಿಬಿಡಿ," ಎಂದ.

ಕ್ವಿಲಾರ್ಡ್ ಸುತ್ತ ಖಾಲಿ ಬೆಂಚುಗಳನ್ನೆಲ್ಲ ಒಮ್ಮೆ ನೋಡಿ, ಯಾರಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಿಸುದನಿಯಲ್ಲಿ, "ಚೆಂಡು ನನ್ನ ಕಾಲಿಗೆ ತಗುಲಿತು," ಎಂದ.

"ಏನು?"

"ಹೆಬ್ಬೆರಳಿಗೆ. ಎಡಗಾಲು. ಚೆಂಡು ನನ್ನ ಬೂಟಿಗೇ ಬಡಿದು ಆಚೆ ಹೋಯ್ತು. ಈ ಜಾಗ ಇನ್ನೂ ಎರಡು ಮಾರು ದೂರ ಇತ್ತು. ಇಲ್ಲಿಗೆ ನಾನು ಬರಲೇ ಇಲ್ಲ."

"ಸುಳ್ಳು."

"ನನ್ನ ಕಾಲು ನನಗೆ ಗೊತ್ತಿಲ್ವೇನ್ರೀ?"

"ನಾಲ್ಕು ಸಾವಿರ ಜನ ನೋಡಿದ್ದಾರೆ!"

"ನೋಡಿದ್ರು, ನೋಡಿದ್ರು. ಮಾರನೇ ದಿನ ಪೇಪರಿನೋನು ನೆಲ ನುಂಗಿತು ಅಂತ ಬರೆದ. ನಮ್ಮಪ್ಪ ಆಟ ಮುಗಿದಾಗಿನಿಂದ ನನ್ನ ಜೊತೆ ಮಾತಾಡದೇ ಇದ್ದೋರು, ಅದನ್ನ ಓದಿ ನನ್ನ ತಲೆ ಸವರಿದ್ರು. 'ನಿನ್ನ ತಪ್ಪಲ್ಲ ಕಣೋ, ಆ ನೆಲದ ತಪ್ಪು.' ಸಾಯೋ ದಿನಾನೂ ಅದೇ ಹೇಳಿ ಕಣ್ಣು ಮುಚ್ಚಿದ್ರು. ಇನ್ನೇನು ಹೇಳಲಿ ನಾನು?"

ವರ್ಲಿನ್‌ಗೆ ನೆಮ್ಮದಿಯಾಗಬೇಕಿತ್ತು. ಆಗಿದ್ದು ಕೋಪ. ಯಾರೋ ಜೇಬಿಗೆ ಕೈಹಾಕಿ ತನ್ನ ಏಕೈಕ ಸ್ವತ್ತನ್ನು ಎತ್ತಿಕೊಂಡು ಹೋದಂಥ ಕೋಪ. ಮೂವತ್ತಾರು ವರ್ಷ. ಅವನು ಸಾಕಿದ್ದು, ಹೊತ್ತದ್ದು, ರಾತ್ರಿ ಮಗ್ಗುಲು ಬದಲಿಸಿದ್ದು, ಚರ್ಚಿನಲ್ಲಿ ತಲೆ ಎತ್ತದೆ ಕೂತದ್ದು, ಎಲ್ಲ ಒಂದು ಹೆಬ್ಬೆರಳಿಗಾಗಿಯೇ? ಅವನ ಬದುಕಿನಲ್ಲಿ ನಡೆದಿದ್ದ ದೊಡ್ಡ ಸಂಗತಿ ಅದೊಂದೇ. ಅದನ್ನೂ ಈ ಕೋಟಿನವನು ತನ್ನದೆನ್ನುತ್ತಿದ್ದಾನೆ.

"ನೋಡಿ, ಅದು ನನ್ನ ಬಕೆಟ್ಟು," ಎಂದ.

"ಅದು ನನ್ನ ಕಾಲು."

"ನನ್ನ ಬಕೆಟ್ ಇಲ್ದೆ ಇದ್ದಿದ್ರೆ—"

"ನಿಮ್ಮ ಬಕೆಟ್ಟು ಸಮುದ್ರಕ್ಕೆ ಬಿದ್ದಿದ್ರೂ ನಾನು ಚೆಂಡು ಕಳ್ಕೋತಿದ್ದೆ ಮಾರಾಯ್ರೇ! ನಾನು ಮೂರು ಮಕ್ಕಳ ತಂದೆ, ನನ್ನ ತಪ್ಪನ್ನ ನನ್ನ ಕೈಯಿಂದ ಕಿತ್ಕೋಬೇಡಿ!"

"ನಿಮ್ಮದಂತೆ! ಊರೆಲ್ಲ ನೆಲದ್ದು ಅಂತ ಬೋರ್ಡು ಹಾಕಿಸಿ, ಈಗ ನನ್ನ ಮುಂದೆ ನಿಮ್ಮದಾ? ನಾಚ್ಕೆ ಆಗಲ್ವಾ?"

ಇಬ್ಬರೂ ನೀಲಿ ವೃತ್ತದೊಳಗೆ ನಿಂತು, ಒಬ್ಬ ಕಾಲುಚೀಲದಲ್ಲಿ, ಒಬ್ಬ ಕಾಫಿ ಪಾತ್ರೆ ತಬ್ಬಿಕೊಂಡು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಏದುಸಿರು ಬಿಡುತ್ತಿದ್ದರು. ಮೇಲಿನ ಕಿಟಕಿಯಿಂದ ಪ್ಯೂ ಇಣುಕಿ, "ವರ್ಲಿನ್, ಕಾಫಿ ಎಲ್ಲಯ್ಯಾ?" ಎಂದು ಕೂಗಿದ. ಕ್ವಿಲಾರ್ಡನನ್ನು ಕಂಡು ಉತ್ಸಾಹದಿಂದ ಕೈ ಬೀಸಿ, "ಓಹೋ, ಹಳೇ ಶತ್ರುನ ನೋಡೋಕೆ ಬಂದ್ರಾ?" ಎಂದ. ಇಬ್ಬರೂ ಕೈ ಬೀಸಿದರು. ಕಿಟಕಿ ಮುಚ್ಚಿಕೊಂಡಿತು.

ಕ್ವಿಲಾರ್ಡ್ ನೆಲದ ಮೇಲೆ ಕೂತುಬಿಟ್ಟ. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಸವರಿದ. "ಸೋಮವಾರ ನನ್ನ ಕೈಯಿಂದಾನೇ ಚೆಂಡು ಬೀಳಿಸ್ತಾರೆ," ಎಂದ. "ಅದು ಪುಟಿಯುತ್ತೆ. ನೆಲ ಯಾವತ್ತೂ ಸರಿಯಾಗೇ ಇತ್ತು, ಕ್ವಿಲಾರ್ಡನೇ ಸುಳ್ಳುಬುರುಕ ಅಂತಾರೆ. ನಿಜಾನೇ ಬಿಡಿ. ನನ್ನ ಮಕ್ಕಳು ಬರ್ತಾರೆ ನೋಡೋಕೆ, ಮೂರೂ ಜನ. ನಮ್ಮಪ್ಪ ಇಲ್ಲ, ಅದೊಂದೇ ಪುಣ್ಯ." ಹಲಗೆಯ ಮೇಲೆ ಬೆರಳಾಡಿಸಿ, "ಯಾಕ್ರೀ ರಿಪೇರಿ ಮಾಡಿದ್ರಿ?" ಎಂದ. ಅದರಲ್ಲಿ ಬೈಗುಳವಿರಲಿಲ್ಲ, ಮಗುವಿನ ದೂರಿನಂತಿತ್ತು.

"ನಿಮಗೋಸ್ಕರ," ಎಂದ ವರ್ಲಿನ್.

ಸೂರಿನ ಗಾಜಿನಿಂದ ಬಿದ್ದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ಪಾರಿವಾಳವೊಂದು ಗುಟುರು ಹಾಕಿತು. ಸುಟ್ಟ ಕಾಫಿ, ಹಳೆಯ ಬೆವರು, ಎಣ್ಣೆ ಹಚ್ಚಿದ ಮರ. ಈ ವಾಸನೆ ಹೆದ್ದಾರಿಯ ಪಕ್ಕ ಹುಟ್ಟುವುದಕ್ಕೆ ನೂರು ವರ್ಷ ಬೇಕು. ಶುಕ್ರವಾರ ಮಧ್ಯಾಹ್ನ. ಸೋಮವಾರ ಹತ್ತು ಗಂಟೆ. ಹಬ್ಬಕ್ಕಿಂತ ಒಂದು ದಿನ ಕಡಿಮೆ, ಆದರೆ ಆಗ ನವೆಂಬರಿನ ರಜೆಗೆ ಬಿಸಿಗಾಳಿ ಊದುವ ಯಂತ್ರ ನಿಲ್ಲಿಸಿದ್ದರು, ಈಗ ಚಾಲೂ ಇದೆ. ತಾನು ಲೆಕ್ಕ ಹಾಕುತ್ತಿದ್ದೇನೆ ಎಂದು ಅವನಿಗೇ ತಿಳಿದಿರಲಿಲ್ಲ. ಕಾಫಿ ಪಾತ್ರೆಯನ್ನು ಬೆಂಚಿನ ಮೇಲಿಟ್ಟ. ಮೇಲಿನವರ ಸಭೆ ಮುಗಿದು ಒಬ್ಬೊಬ್ಬರಾಗಿ ಕಾರು ಹತ್ತುವ ತನಕ ಇಬ್ಬರೂ ಅಲ್ಲೇ ಕೂತರು. ಅವರ ಕಾಫಿಯನ್ನು ಅವರು ಮರೆತೇ ಹೋದರು. ಆಮೇಲೆ ವರ್ಲಿನ್ ಮುಂಬಾಗಿಲಿಗೆ ಹೋಗಿ, ಅಧ್ಯಕ್ಷೆ ಹೇಳಿದ ಹಾಗೆಯೇ, ಬೀಗ ಹಾಕಿದ. ಒಳಗಿನಿಂದ.

ಪೊರಕೆಗಳ ಕೋಣೆಯಲ್ಲಿ ಅದೇ ಬಕೆಟ್ ಇತ್ತು. ಚಕ್ರ ಎರಡು ಸಲ ಬದಲಾಗಿತ್ತು, ಹಿಡಿ ಒಂದು ಸಲ. ಬಿಸಿನೀರಿನ ನಲ್ಲಿ ತಿರುಗಿಸಿದ. ನೀರು ತುಂಬುವ ಸದ್ದು ಕೇಳುತ್ತ ನಿಂತಾಗ, ಮೂವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಹೊರಗೆ ಯಾರೂ ಹಾರ್ನ್ ಬಾರಿಸುತ್ತಿಲ್ಲ ಎನ್ನಿಸಿತು. ಭಯವಾಗುತ್ತದೆ ಎಂದುಕೊಂಡಿದ್ದ. ಹಸಿವಾಯಿತು.

ತಳ್ಳಿಕೊಂಡು ಬಂದಾಗ ಕ್ವಿಲಾರ್ಡ್ ಎದ್ದು ನಿಂತ. ಬಕೆಟ್ ನೋಡಿದ, ಹಬೆ ನೋಡಿದ, ವರ್ಲಿನ್‌ನ ಮುಖ ನೋಡಿದ. ನೆಲ ಮಾರುವವನು, ನೀರು ಎಲ್ಲಿ ಇಳಿಯುತ್ತದೆ ಎಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಬಗ್ಗಿ ಬೆರಳಿನಿಂದ ಒಂದು ಸಂದಿಯನ್ನು ತೋರಿಸಿದ. "ಇಲ್ಲಿ," ಎಂದ. "ನಿಧಾನ. ಸಂದಿ ಉದ್ದಕ್ಕೂ."

ವರ್ಲಿನ್ ಬಕೆಟ್ಟಿನ ಅಂಚು ಹಿಡಿದು ಬಾಗಿಸಿದ. ನೀರು ಹಲಗೆಯ ಮೇಲೆ ಒಂದು ಕ್ಷಣ ಹೊಳೆದು ನಿಂತು, ಆಮೇಲೆ ತನಗೆ ಗೊತ್ತಿದ್ದ ದಾರಿಯಲ್ಲಿ ಕೆಳಗಿಳಿಯತೊಡಗಿತು. ಕ್ವಿಲಾರ್ಡ್ ಬೂಟುಗಳನ್ನು ಕೈಯಲ್ಲೆತ್ತಿಕೊಂಡು, ಕಾಲುಚೀಲ ನೆನೆಯದಂತೆ ಹಿಮ್ಮಡಿಯ ಮೇಲೆ ಹಿಂದೆ ಸರಿಯುತ್ತ ನೋಡುತ್ತಿದ್ದ.

"ಇನ್ನೊಂದು ಬಕೆಟ್ ತರಲಾ?" ಎಂದ.

"ಬೇಡ," ಎಂದ ವರ್ಲಿನ್. "ಹೋದ ಸಲ ಒಂದೇ ಸಾಕಾಗಿತ್ತು."